ಮಿದುಳಿನಲ್ಲಿ ಸಿಸ್ಟ್ ಪತ್ತೆಯಾದಲ್ಲಿ: ಚಿಕಿತ್ಸೆಗೆ ಕಾಯುವ ಅವಧಿಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ತಲೆನೋವು, ತಲೆಸುತ್ತು, ಅಪಘಾತದ ಪೆಟ್ಟು ಅಥವಾ ಮೂರ್ಛೆಯ ಕಾರಣದಿಂದ ತಲೆಯ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಮಾಡಿಸಿಕೊಂಡವರ ಪೈಕಿ ಕೆಲವರ ವರದಿಯಲ್ಲಿ 'ಸಿಸ್ಟ್' ಎಂಬ ಪದವು ಕಂಡುಬರುತ್ತದೆ. ವರದಿಯು ಇಂಗ್ಲಿಷ್ ಭಾಷೆಯಲ್ಲಿರುವುದರಿಂದಲೂ, ತಜ್ಞ ವೈದ್ಯರ ಭೇಟಿಗೆ ಹಲವು ವಾರಗಳ ನಂತರದ ದಿನಾಂಕ ದೊರೆಯುವುದರಿಂದಲೂ, ಈ ನಡುವಿನ ಅವಧಿಯಲ್ಲಿ ರೋಗಿಯು ಹಾಗೂ ಮನೆಯವರು ಆ ಒಂದು ಪದದ ಅರ್ಥವನ್ನು ತಾವೇ ಊಹಿಸಿಕೊಳ್ಳುವ ಸ್ಥಿತಿ ಉಂಟಾಗುತ್ತದೆ. ಸ್ಕ್ಯಾನ್ ಕೇಂದ್ರದ ಬಾಗಿಲಲ್ಲಿ 'ತಲೆಯಲ್ಲಿ ಗಡ್ಡೆ ಇದೆಯಂತೆ' ಎಂದು ಹುಟ್ಟಿದ ಮಾತು ಊರು ತಲುಪುವಷ್ಟರಲ್ಲಿ ಕ್ಯಾನ್ಸರ್ ಎಂದಾಗಿರುತ್ತದೆ.

ಇದರಿಂದ ಎರಡು ಬಗೆಯ ತಪ್ಪುಗಳು ಸಂಭವಿಸುತ್ತವೆ. ಕೆಲವರು ಭಯಕ್ಕೆ ಒಳಗಾಗಿ, ಯಾವ ಬಗೆಯ ಸಿಸ್ಟ್ ಎಂಬುದನ್ನೂ ತಿಳಿಯದೆ, ಒಡವೆ ಅಥವಾ ಜಮೀನು ಅಡವಿಟ್ಟು ಅವಸರದ ಶಸ್ತ್ರಚಿಕಿತ್ಸೆಗೆ ಮುಂದಾಗುತ್ತಾರೆ. ಇನ್ನು ಕೆಲವರು ಅಪಾಯದ ಲಕ್ಷಣಗಳು ಕಾಣಿಸಿಕೊಂಡರೂ 'ಆಸ್ಪತ್ರೆಯವರು ಕೊಟ್ಟ ದಿನಾಂಕ ಇನ್ನೂ ಬಂದಿಲ್ಲ' ಎಂದು ಮನೆಯಲ್ಲಿಯೇ ಉಳಿಯುತ್ತಾರೆ. ಎರಡನೆಯ ತಪ್ಪು ಹೆಚ್ಚು ಅಪಾಯಕಾರಿಯಾದುದು. ಆಸ್ಪತ್ರೆಯು ನೀಡಿದ ದಿನಾಂಕವು ರೋಗಿಯ ಸ್ಥಿತಿ ಯಥಾವತ್ತಾಗಿ ಇರುವವರೆಗೆ ಮಾತ್ರ ಅನ್ವಯವಾಗುತ್ತದೆ; ಸ್ಥಿತಿ ಬದಲಾದಲ್ಲಿ ಆ ದಿನಾಂಕಕ್ಕೆ ಕಾಯುವ ಅಗತ್ಯವಿರುವುದಿಲ್ಲ, ಕಾಯಲೂಬಾರದು.

ಸಿಸ್ಟ್ ಎಂದರೇನು?

ಸಿಸ್ಟ್ ಎಂದರೆ ತೆಳುವಾದ ಗೋಡೆಯುಳ್ಳ, ಒಳಗೆ ದ್ರವ ಅಥವಾ ದ್ರವದಂತಹ ವಸ್ತು ತುಂಬಿರುವ ಚೀಲ. ಆಡುಮಾತಿನಲ್ಲಿ ಇದನ್ನು ನೀರುಗುಳ್ಳೆ ಎನ್ನಬಹುದು. ಮಾಂಸದ ಗಡ್ಡೆಗೂ ಇದಕ್ಕೂ ವ್ಯತ್ಯಾಸವಿದೆ. ಕೆಳಗೆ ವಿವರಿಸಿರುವ ಸಿಸ್ಟ್‌ಗಳಲ್ಲಿ ಯಾವುದೂ ಕ್ಯಾನ್ಸರ್ ಅಲ್ಲ. ಆದರೆ ಕೆಲವು ಗಡ್ಡೆಗಳ ಒಳಗೂ ದ್ರವ ತುಂಬಿದ ಭಾಗವಿರುವುದುಂಟು. ಅಂತಹವುಗಳನ್ನು ವರದಿಯಲ್ಲಿ 'ಸಿಸ್ಟಿಕ್' ಎಂದು ಬರೆಯಲಾಗುತ್ತದೆ. 'ಸಿಸ್ಟ್' ಮತ್ತು 'ಸಿಸ್ಟಿಕ್' ಎಂಬ ಪದಗಳ ನಡುವಿನ ಈ ಅಂತರವು ಸಣ್ಣದೆನಿಸಿದರೂ ಮಹತ್ವದ್ದಾಗಿದ್ದು, ವರದಿಯಲ್ಲಿ ಯಾವ ಪದವಿದೆ, ಅದರ ಅರ್ಥವೇನು ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು.

ಮಿದುಳಿನ ಒಳಗೂ ಸುತ್ತಲೂ ತಿಳಿನೀರಿನಂತಹ ಒಂದು ದ್ರವವು ಸದಾ ಹರಿಯುತ್ತಿರುತ್ತದೆ. ವಯಸ್ಕರಲ್ಲಿ ಒಂದು ಸಮಯಕ್ಕೆ ಸುಮಾರು 150 ಮಿ.ಲೀ. ಇರುವ ಈ ದ್ರವವು ದಿನವೊಂದಕ್ಕೆ ಸುಮಾರು 500 ಮಿ.ಲೀ. ನಷ್ಟು ಹೊಸದಾಗಿ ಉತ್ಪತ್ತಿಯಾಗಿ, ಅಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಹಿಂತಿರುಗುತ್ತದೆ. ಅಂದರೆ ದಿನಕ್ಕೆ ಮೂರು ಬಾರಿಗಿಂತ ಹೆಚ್ಚು ಬದಲಾಗುತ್ತದೆ. ಸಿಸ್ಟ್ ಎಷ್ಟು ದೊಡ್ಡದು ಎಂಬುದಕ್ಕಿಂತ, ಅದು ಈ ಹರಿವಿನ ದಾರಿಗೆ ಅಡ್ಡ ಬಂದಿದೆಯೇ ಎಂಬುದೇ ಹಲವು ವೇಳೆ ಮುಖ್ಯ ಪ್ರಶ್ನೆಯಾಗಿರುತ್ತದೆ. ಐದು ಸೆಂಟಿಮೀಟರ್ ಸಿಸ್ಟ್ ಇಟ್ಟುಕೊಂಡು ಜೀವನಪೂರ್ತಿ ತೊಂದರೆಯಿಲ್ಲದೆ ಬದುಕುವವರೂ ಇದ್ದಾರೆ. ದಾರಿಯ ಬಾಯಿಯಲ್ಲೇ ಕುಳಿತ ಒಂದೂವರೆ ಸೆಂಟಿಮೀಟರ್ ಸಿಸ್ಟ್ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ತರುವುದೂ ಉಂಟು. ಆದುದರಿಂದ ಅಳತೆಯ ಅಂಕಿ ಒಂದನ್ನೇ ನೋಡಿ ಹೆದರುವುದಾಗಲಿ, ಸಮಾಧಾನಪಡುವುದಾಗಲಿ ಸರಿಯಲ್ಲ.

ಸಾಮಾನ್ಯವಾಗಿ ಕಂಡುಬರುವ ಬಗೆಗಳು

ಅರಾಕ್ನಾಯ್ಡ್ ಸಿಸ್ಟ್ ಬಹುಪಾಲು ಹುಟ್ಟಿನಿಂದಲೇ ಇರುವಂತಹುದು. ಮಿದುಳನ್ನು ಆವರಿಸಿರುವ ಪೊರೆಗಳ ನಡುವೆ, ಹೆಚ್ಚಾಗಿ ಕಿವಿಯ ಮೇಲ್ಭಾಗದ ಒಳಬದಿಯಲ್ಲಿ, ಇದು ಇರುತ್ತದೆ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದ ನೂರು ಜನರಲ್ಲಿ ಒಬ್ಬಿಬ್ಬರಲ್ಲಿ ಇದು ಆಕಸ್ಮಿಕವಾಗಿ ಕಾಣುತ್ತದೆ. ಇವರಲ್ಲಿ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯ ಅಗತ್ಯ ಎಂದೂ ಬೀಳುವುದಿಲ್ಲ. ಮಿದುಳಿನ ಮಧ್ಯಭಾಗದ ಪೀನಿಯಲ್ ಗ್ರಂಥಿಯಲ್ಲಿ ಕಾಣುವ ಸಣ್ಣ ಸಿಸ್ಟ್‌ಗಳ ವಿಷಯವೂ ಬಹುತೇಕ ಇದೇ ಆಗಿರುತ್ತದೆ.

ಕೊಲಾಯ್ಡ್ ಸಿಸ್ಟ್ ವಿರಳವಾದುದು, ಆದರೆ ಹೆಚ್ಚಿನ ಎಚ್ಚರಿಕೆ ಬೇಡುವಂತಹುದು. ಮಿದುಳಿನ ಮೂರನೆಯ ಕುಹರದ ಮೇಲ್ಭಾಗದಲ್ಲಿ, ದ್ರವವು ಹಾದುಹೋಗುವ ಕಿರಿದಾದ ದ್ವಾರದ ಬಳಿ ಇರುವುದರಿಂದ, ಇದು ಆ ದ್ವಾರವನ್ನು ಮುಚ್ಚಿದಲ್ಲಿ ದ್ರವವು ಒಳಗೇ ಶೇಖರಗೊಂಡು ಒತ್ತಡ ಏರುತ್ತದೆ. ವರದಿಯಲ್ಲಿ ಈ ಹೆಸರಿದ್ದವರು ಭೇಟಿಯ ದಿನಾಂಕವನ್ನು ಆದಷ್ಟು ಮುಂಚಿತಗೊಳಿಸುವಂತೆ ಕೋರುವುದು ಸೂಕ್ತ.

ನಮ್ಮ ದೇಶದಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಲಾಡಿಹುಳುವಿನ ಮರಿಗಳಿಂದ ಉಂಟಾಗುವ ನ್ಯೂರೋಸಿಸ್ಟಿಸರ್ಕೋಸಿಸ್. ಈ ಸೋಂಕು ವ್ಯಾಪಕವಾಗಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು ಶೇ. 30ರಷ್ಟು ಪ್ರಕರಣಗಳಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಹಂದಿಮಾಂಸ ತಿನ್ನುವವರಿಗೆ ಮಾತ್ರ ಇದು ಬರುತ್ತದೆಂಬ ನಂಬಿಕೆ ತಪ್ಪು. ಸರಿಯಾಗಿ ಬೇಯದ ಹಂದಿಮಾಂಸದಿಂದ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಆದರೆ ಮಿದುಳಿಗೆ ಸೋಂಕು ತಗಲುವುದು, ಲಾಡಿಹುಳುವಿರುವ ವ್ಯಕ್ತಿಯ ಮಲದ ಮೂಲಕ ಹೊರಬಂದ ಮೊಟ್ಟೆಗಳು ನೀರು, ಹಸಿ ತರಕಾರಿ ಅಥವಾ ತೊಳೆಯದ ಕೈಗಳ ಮೂಲಕ ಹೊಟ್ಟೆ ಸೇರಿದಾಗ. ಆದುದರಿಂದ ಶುದ್ಧ ಸಸ್ಯಾಹಾರಿಗಳಲ್ಲಿಯೂ ಇದು ಕಂಡುಬರುತ್ತದೆ. ಈ ಕಾರಣದಿಂದ ರೋಗಿಯ ಆಹಾರಪದ್ಧತಿಯ ಬಗ್ಗೆ ಮನೆಯಲ್ಲಿ ಸಂಶಯ, ಆಪಾದನೆಗಳಿಗೆ ಎಡೆ ಕೊಡಬಾರದಾಗಿ ಕೋರಿದೆ. ಇದರ ಚಿಕಿತ್ಸೆ ಹೆಚ್ಚಿನ ಸಂದರ್ಭಗಳಲ್ಲಿ ಮಾತ್ರೆಗಳಿಂದಲೇ ನಡೆಯುತ್ತದೆ. ಆದರೆ ಜಂತುಹುಳುವಿನ ಮಾತ್ರೆ ತಾನೇ ಎಂದು ಆಲ್ಬೆಂಡಜೋಲ್ ಅನ್ನು ಅಂಗಡಿಯಿಂದ ತಂದು ತಾವಾಗಿಯೇ ನುಂಗುವುದು ಅಪಾಯಕರ. ಮಿದುಳಿನಲ್ಲಿರುವ ಮರಿಗಳು ಸಾಯುವಾಗ ಸುತ್ತಲೂ ಊತವುಂಟಾಗಿ ಮೂರ್ಛೆ ಬರಬಹುದಾದ್ದರಿಂದ, ವೈದ್ಯರು ಊತ ತಗ್ಗಿಸುವ ಸ್ಟೀರಾಯ್ಡ್ ಔಷಧಿಯನ್ನು ಜೊತೆಯಲ್ಲಿ ಕೊಡುತ್ತಾರೆ. ಆ ಸ್ಟೀರಾಯ್ಡ್ ಅನ್ನು ಸಹ ಹಠಾತ್ತನೆ ನಿಲ್ಲಿಸತಕ್ಕದ್ದಲ್ಲ.

ಕಾಯುವುದೆಂದರೆ ನಿರ್ಲಕ್ಷ್ಯವೇ?

'ಆರು ತಿಂಗಳು ಬಿಟ್ಟು ಮತ್ತೊಂದು ಸ್ಕ್ಯಾನ್ ಮಾಡಿಸಿ ಬನ್ನಿ' ಎಂದು ವೈದ್ಯರು ಹೇಳಿದಾಗ, ತಮ್ಮನ್ನು ಸಾಗಹಾಕಲಾಯಿತೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು ಒಂದು ವೈದ್ಯಕೀಯ ನಿರ್ಧಾರ. ಸಿಸ್ಟ್ ಬೆಳೆಯುತ್ತಿದೆಯೇ ಎಂಬುದು ಒಂದು ಸ್ಕ್ಯಾನ್‌ನಿಂದ ತಿಳಿಯುವುದಿಲ್ಲ. ಎರಡನ್ನು ಹೋಲಿಸಿದಾಗ ಮಾತ್ರ ತಿಳಿಯುತ್ತದೆ. ತಲೆಬುರುಡೆ ತೆರೆದು ಅಥವಾ ದೂರದರ್ಶಕ ನಳಿಕೆಯ ಮೂಲಕ ಮಾಡುವ ಶಸ್ತ್ರಚಿಕಿತ್ಸೆಗೂ, ದ್ರವವನ್ನು ಹೊಟ್ಟೆಗೆ ಹರಿಸುವ ಷಂಟ್ ಎಂಬ ಕೊಳವೆಯ ಅಳವಡಿಕೆಗೂ ಅವುಗಳದೇ ಆದ ಅಪಾಯಗಳಿವೆ. ತೊಂದರೆ ಕೊಡದ ಸಿಸ್ಟ್‌ಗಾಗಿ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಉಚಿತವಲ್ಲ.

ಶಸ್ತ್ರಚಿಕಿತ್ಸೆ ನಿಶ್ಚಯವಾಗಿ ಸರದಿಯಲ್ಲಿರುವವರ ವಿಷಯ ಬೇರೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ರಸ್ತೆ ಅಪಘಾತ ಹಾಗೂ ರಕ್ತಸ್ರಾವದ ತುರ್ತು ಪ್ರಕರಣಗಳು ಬಂದಾಗ ಪೂರ್ವನಿಗದಿತ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋಗುತ್ತವೆ. ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದು, ಉಪವಾಸವಿದ್ದು, ಸಂಜೆ 'ಇಂದು ಆಗುವುದಿಲ್ಲ' ಎಂಬ ಮಾತು ಕೇಳುವ ಕುಟುಂಬದ ನೋವು ಸಣ್ಣದಲ್ಲ. ಆದರೂ ಹಾಗೆ ಮುಂದೂಡಲ್ಪಟ್ಟವರು ಕೋಪದಿಂದ ಬಿಡುಗಡೆ ಪಡೆದು ಹೊರಡದೆ, ಮುಂದಿನ ದಿನಾಂಕವನ್ನು ದಾಖಲೆಯ ಮೇಲೆಯೇ ಬರೆಯಿಸಿಕೊಂಡು ಹೋಗುವುದು ಒಳ್ಳೆಯದು. ಬಾಯಿಮಾತಿನ ದಿನಾಂಕವು ಮುಂದಿನ ಬಾರಿ ಕರ್ತವ್ಯದಲ್ಲಿರುವ ಬೇರೆ ವೈದ್ಯರಿಗೆ ತಿಳಿಯುವುದಿಲ್ಲ.

ದಿನಾಂಕಕ್ಕೆ ಕಾಯದೆ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

ದಿನೇ ದಿನೇ ಹೆಚ್ಚುತ್ತಿರುವ, ಬೆಳಗಿನ ಜಾವ ಜೋರಾಗಿರುವ, ವಾಂತಿಯೊಡನೆ ಬರುವ ತಲೆನೋವು, ಹಿಂದೆಂದೂ ಬಾರದಷ್ಟು ತೀವ್ರವಾದ ದಿಢೀರ್ ತಲೆನೋವು, ದೃಷ್ಟಿ ಮಂಜಾಗುವುದು ಅಥವಾ ಒಂದು ವಸ್ತು ಎರಡಾಗಿ ಕಾಣುವುದು, ಎಬ್ಬಿಸಿದರೂ ಎಚ್ಚರವಾಗದಂತಹ ಮಂಪರು, ನಡೆಯುವಾಗ ಹೊಸದಾಗಿ ತೂರಾಡುವುದು, ಕೈಕಾಲಿನ ಒಂದು ಬದಿ ದುರ್ಬಲವಾಗುವುದು, ಮಾತು ತೊದಲುವುದು, ಮೊದಲ ಬಾರಿಗೆ ಮೂರ್ಛೆ ಬರುವುದು, ಕಾರಣವಿಲ್ಲದೆ ಹಠಾತ್ತನೆ ಕುಸಿದು ಬೀಳುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕೂಡಲೇ ತೆರಳತಕ್ಕದ್ದು. ಕೂಸುಗಳಲ್ಲಿ ತಲೆಯ ಸುತ್ತಳತೆ ವೇಗವಾಗಿ ಬೆಳೆಯುವುದು, ನೆತ್ತಿ ಉಬ್ಬುವುದು ಸಹ ಇದೇ ಸಾಲಿಗೆ ಸೇರುತ್ತವೆ. ರಾಜ್ಯದಲ್ಲಿ 2008ರ ನವೆಂಬರ್‌ನಿಂದ ಆರೋಗ್ಯ ಕವಚ ಹೆಸರಿನಲ್ಲಿ ಜಾರಿಯಲ್ಲಿರುವ 108 ಆಂಬ್ಯುಲೆನ್ಸ್ ಸೇವೆಯು ಉಚಿತವಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತುರ್ತು ವಿಭಾಗವು ದಿನದ 24 ಗಂಟೆಯೂ ಕಾರ್ಯನಿರ್ವಹಿಸುತ್ತದೆ. ಅಲ್ಲಿ ಹೊರರೋಗಿ ವಿಭಾಗದ ದಿನಾಂಕ ಪಡೆದವರು ಸಹ ತುರ್ತು ಸಂದರ್ಭದಲ್ಲಿ ನೇರವಾಗಿ ಹೋಗಬಹುದು.

ಮೂರ್ಛೆ ಬಂದವರನ್ನು ಒಂದು ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಬಳಿಯ ಬಟ್ಟೆ ಸಡಿಲಿಸಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಬೇಕು. ಬಾಯಿಗೆ ಚಮಚ, ನೀರು, ಮಾತ್ರೆ ಏನನ್ನೂ ಹಾಕಬಾರದು. ಕೈಗೆ ಬೀಗದ ಕೈ ಹಿಡಿಸುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು ಇವುಗಳಿಂದ ಯಾವ ಪ್ರಯೋಜನವೂ ಇಲ್ಲ. ಮೂರ್ಛೆಯು ತಾನಾಗಿಯೇ ಒಂದೆರಡು ನಿಮಿಷಗಳಲ್ಲಿ ನಿಲ್ಲುವುದನ್ನು ಕಂಡು ಜನರು ಬೀಗದ ಕೈಗೆ ಕೀರ್ತಿ ಕೊಟ್ಟಿರುತ್ತಾರೆ, ಅಷ್ಟೆ. ಐದು ನಿಮಿಷ ಮೀರಿದಲ್ಲಿ ಅಥವಾ ಪ್ರಜ್ಞೆ ಬರುವ ಮೊದಲೇ ಮತ್ತೆ ಬಂದಲ್ಲಿ 108ಕ್ಕೆ ಕರೆ ಮಾಡತಕ್ಕದ್ದು.

ದಿನನಿತ್ಯದ ಜೀವನ

ಮೂರ್ಛೆಯಾಗಲಿ ಮೇಲಿನ ಲಕ್ಷಣಗಳಾಗಲಿ ಇಲ್ಲದವರು ತಮ್ಮ ಉದ್ಯೋಗ, ಮನೆಗೆಲಸ, ನಡಿಗೆ, ಪ್ರಯಾಣಗಳನ್ನು ಸಾಮಾನ್ಯವಾಗಿ ಮುಂದುವರಿಸಬಹುದು. ಹಾಸಿಗೆ ಹಿಡಿದು ಮಲಗುವುದರಿಂದ ಸಿಸ್ಟ್ ಕುಗ್ಗುವುದಿಲ್ಲ. ಯಾವುದೇ ಪಥ್ಯದಿಂದಲೂ ಅರಾಕ್ನಾಯ್ಡ್ ಅಥವಾ ಕೊಲಾಯ್ಡ್ ಸಿಸ್ಟ್ ಕರಗುವುದಿಲ್ಲ. ಅರಾಕ್ನಾಯ್ಡ್ ಸಿಸ್ಟ್ ಇರುವವರಲ್ಲಿ ತಲೆಗೆ ಪೆಟ್ಟು ಬಿದ್ದರೆ ಮಿದುಳಿನ ಪೊರೆಯ ಕೆಳಗೆ ರಕ್ತಸ್ರಾವವಾಗುವ ಸಂಭವವಿರುವುದರಿಂದ, ಕಬಡ್ಡಿ, ಕುಸ್ತಿ ಮೊದಲಾದ ಆಟಗಳ ಬಗ್ಗೆ ವೈದ್ಯರನ್ನು ಕೇಳಿ ನಿರ್ಧರಿಸತಕ್ಕದ್ದು. ಶಾಲಾ ಮಕ್ಕಳಾಗಿದ್ದಲ್ಲಿ ಈ ವಿಷಯವನ್ನು ದೈಹಿಕ ಶಿಕ್ಷಕರಿಗೆ ತಿಳಿಸುವುದು ಅವಶ್ಯ. ದ್ವಿಚಕ್ರ ವಾಹನದಲ್ಲಿ ಹಿಂದೆ ಕುಳಿತು ಹೋಗುವಾಗಲೂ ಹೆಲ್ಮೆಟ್ ಧರಿಸಬೇಕು.

ಮೂರ್ಛೆ ಬಂದಿರುವವರು ವೈದ್ಯರ ಅನುಮತಿಯಿಲ್ಲದೆ ವಾಹನ ಓಡಿಸಬಾರದು. ಚಾಲನಾ ಪರವಾನಗಿಗೆ ಸಲ್ಲಿಸುವ ನಮೂನೆ 1ರಲ್ಲಿ ಮೂರ್ಛೆ ಅಥವಾ ಹಠಾತ್ ಪ್ರಜ್ಞಾಹೀನತೆಯ ಬಗ್ಗೆ ಅರ್ಜಿದಾರರು ಘೋಷಣೆ ನೀಡಬೇಕಾಗಿರುತ್ತದೆ. ಅಡಿಕೆ ಅಥವಾ ತೆಂಗಿನ ಮರ ಹತ್ತುವುದು, ಕೆರೆ ಬಾವಿಗಳಲ್ಲಿ ಒಬ್ಬರೇ ಇಳಿಯುವುದು, ಒಲೆಯ ಮುಂದೆ ಒಬ್ಬರೇ ಇರುವುದು ಸಹ ಇಂತಹವರಿಗೆ ತರವಲ್ಲ. ಮೂರ್ಛೆಯ ಮಾತ್ರೆಯನ್ನು ಹಬ್ಬ, ಉಪವಾಸ, ಪ್ರಯಾಣಗಳ ನೆಪದಲ್ಲಿ ಒಂದು ಹೊತ್ತು ಬಿಟ್ಟರೂ ಮೂರ್ಛೆ ಮರುಕಳಿಸಬಹುದು. ಗರ್ಭಿಣಿಯರು ಹಾಗೂ ಗರ್ಭಧಾರಣೆಯ ನಿರೀಕ್ಷೆಯಲ್ಲಿರುವವರು ಮಾತ್ರೆಯನ್ನು ತಾವೇ ನಿಲ್ಲಿಸದೆ, ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಈ ಮಾತ್ರೆಗಳಲ್ಲಿ ಕೆಲವು ಗರ್ಭಸ್ಥ ಶಿಶುವಿಗೆ ಹಾನಿಕರವಾಗಿದ್ದು, ಬದಲಿ ಔಷಧಿಗಳು ಲಭ್ಯವಿವೆ. ಮೂರ್ಛೆಯಿರುವ ಹೆಣ್ಣುಮಕ್ಕಳ ವಿವಾಹದ ಬಗ್ಗೆ ಇಂದಿಗೂ ಗುಸುಗುಸು ಮಾತುಗಳು ಕೇಳಿಬರುತ್ತವೆ. ಮೂರ್ಛೆರೋಗವನ್ನು ವಿವಾಹಕ್ಕೆ ಅಡ್ಡಿಯೆಂದು ಹೇಳುತ್ತಿದ್ದ ಅಂಶವನ್ನು ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಿಂದ 1999ರ ತಿದ್ದುಪಡಿಯ ಮೂಲಕ ತೆಗೆದುಹಾಕಲಾಗಿರುತ್ತದೆ.

ಮನಸ್ಸಿನ ಆತಂಕ

ಕಾಯುವ ದಿನಗಳಲ್ಲಿ ನಿದ್ರೆ ಬಾರದಿರುವುದು, ಪ್ರತಿ ಸಣ್ಣ ತಲೆನೋವಿಗೂ ಬೆಚ್ಚುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಸಹಜ. ಇದು ದೌರ್ಬಲ್ಯವಲ್ಲ. ತಲೆನೋವು ಬಹಳ ಸಾಮಾನ್ಯವಾದ ತೊಂದರೆಯಾಗಿದ್ದು, ಸಿಸ್ಟ್ ಇರುವವರಿಗೆ ಬರುವ ಎಲ್ಲ ತಲೆನೋವೂ ಸಿಸ್ಟ್‌ನಿಂದಲೇ ಬರುವುದಿಲ್ಲ. ಈ ಆತಂಕಕ್ಕೆ ಒಂದು ಸರಳ ಉಪಾಯವಿದೆ: ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಸಮಯ, ನೋವಿನ ತೀವ್ರತೆ, ವಾಂತಿಯಾಯಿತೇ, ಯಾವ ಮಾತ್ರೆ ನುಂಗಲಾಯಿತು ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದಿಡುವುದು. ತಿಂಗಳ ಕೊನೆಗೆ ಪುಟ ತಿರುವಿದರೆ, ನೋವು ನಿಜವಾಗಿ ಹೆಚ್ಚಿದೆಯೇ ಅಥವಾ ಭಯ ಮಾತ್ರ ಹೆಚ್ಚಿದೆಯೇ ಎಂಬುದು ಜಮಾಖರ್ಚಿನ ಪುಸ್ತಕದಂತೆ ಕಣ್ಣಿಗೆ ಕಾಣುತ್ತದೆ. ವೈದ್ಯರಿಗೂ 'ಆಗಾಗ ನೋಯುತ್ತದೆ' ಎಂಬ ಹೇಳಿಕೆಗಿಂತ ಈ ಪುಸ್ತಕವು ಹೆಚ್ಚು ಉಪಯುಕ್ತ.

ಮನೆಯ ಹಿರಿಯರು 'ಅವನಿಗೆ ಹೇಳಬೇಡಿ' ಎಂದು ರೋಗಿಯಿಂದಲೇ ವಿಷಯವನ್ನು ಮುಚ್ಚಿಡುವುದುಂಟು. ಪ್ರೀತಿಯಿಂದ ಮಾಡಿದ್ದಾದರೂ ಇದರಿಂದ ಕೆಡುಕೇ ಹೆಚ್ಚು. ಅಪಾಯದ ಲಕ್ಷಣವನ್ನು ಮೊದಲು ಅನುಭವಿಸುವವರು ರೋಗಿಗಳೇ ಆಗಿರುವುದರಿಂದ, ಏನನ್ನು ಗಮನಿಸಬೇಕೆಂಬುದು ಅವರಿಗೆ ತಿಳಿದಿರಲೇಬೇಕು. ಆತಂಕ ತಡೆಯಲಾಗದಿದ್ದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವುದೇ ವೇಳೆಯಲ್ಲಿ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಸಾಮಾನ್ಯ ಆರೋಗ್ಯ ಮಾಹಿತಿಗೆ 104 ಆರೋಗ್ಯ ಸಹಾಯವಾಣಿ ಇರುತ್ತದೆ.

ವೆಚ್ಚ ಮತ್ತು ದಾಖಲೆಗಳು

ಹಣಕಾಸಿನ ಸಿದ್ಧತೆಯನ್ನು ಕಾಯುವ ಅವಧಿಯಲ್ಲಿಯೇ ಮುಗಿಸುವುದು ಉತ್ತಮ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಪಡಿತರ ಚೀಟಿಯಲ್ಲಿ ಹೆಸರಿನ ಅಕ್ಷರ ತಪ್ಪಿದೆಯೆಂದು ಓಡಾಡುವಂತಾಗಬಾರದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಉಚಿತ ಚಿಕಿತ್ಸೆಯೂ, ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ ರೂ. 1.5 ಲಕ್ಷದವರೆಗೆ ನೆರವೂ ದೊರೆಯುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಗ್ರಾಮ ಒನ್ ಮೊದಲಾದ ಕೇಂದ್ರಗಳಲ್ಲಿ ಕಾರ್ಡ್ ಪಡೆಯಬಹುದು. ತುರ್ತಲ್ಲದ ತೃತೀಯ ಹಂತದ ಚಿಕಿತ್ಸೆಯನ್ನು ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಯೋಜನೆಯು ನಗದುರಹಿತವಾದುದರಿಂದ, ಮೊದಲು ಕೈಯಿಂದ ಖರ್ಚು ಮಾಡಿ ನಂತರ ಬಿಲ್ಲು ಸಲ್ಲಿಸಿ ಹಣ ಪಡೆಯಬಹುದೆಂದು ಭಾವಿಸಬಾರದು. ಮೊದಲು ಶಿಫಾರಸು, ನಂತರ ದಾಖಲಾತಿ. ಈ ಕ್ರಮ ತಪ್ಪಿದರೆ ಅರ್ಹರಿಗೂ ನೆರವು ಕೈತಪ್ಪುತ್ತದೆ. ಇ.ಎಸ್.ಐ. ಸೌಲಭ್ಯವಿರುವ ಕಾರ್ಮಿಕರು ವೈದ್ಯಕೀಯ ರಜೆಯ ಪ್ರಮಾಣಪತ್ರವನ್ನು ಇ.ಎಸ್.ಐ. ವೈದ್ಯರಿಂದಲೇ ಪಡೆಯತಕ್ಕದ್ದು, ವಂತಿಗೆಯ ಷರತ್ತು ಪೂರೈಸಿದವರಿಗೆ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯೆ ವರ್ಷದಲ್ಲಿ 91 ದಿನಗಳವರೆಗೆ ದೊರೆಯುತ್ತದೆ.

ಸಿಸ್ಟ್ ಪತ್ತೆಯಾದ ನಂತರ ಹೊಸದಾಗಿ ಖಾಸಗಿ ಆರೋಗ್ಯ ವಿಮೆ ಮಾಡಿಸುವವರು ಪ್ರಸ್ತಾವನಾ ಪತ್ರದಲ್ಲಿ ಅದನ್ನು ಮರೆಮಾಚಬಾರದು. ಮೊದಲೇ ಇದ್ದ ಕಾಯಿಲೆಗಳಿಗೆ ವಿಮಾ ಕಂಪನಿಗಳು ವಿಧಿಸಬಹುದಾದ ಗರಿಷ್ಠ ನಿರೀಕ್ಷಣಾ ಅವಧಿಯನ್ನು 2024ರಲ್ಲಿ 48 ತಿಂಗಳುಗಳಿಂದ 36 ತಿಂಗಳುಗಳಿಗೆ ಇಳಿಸಲಾಗಿದೆ. ಮರೆಮಾಚಿ ಪಡೆದ ಪಾಲಿಸಿಯು, ಕಂತು ಕಟ್ಟಿದ ಹಣವೂ ಹೋಗಿ, ಅಗತ್ಯದ ದಿನದಂದು ತಿರಸ್ಕೃತವಾಗುತ್ತದೆ. ಸಿಸ್ಟ್ ಇದೆಯೆಂಬ ಮಾತ್ರಕ್ಕೆ ವಿಕಲಚೇತನರ ಪ್ರಮಾಣಪತ್ರ ದೊರೆಯುವುದಿಲ್ಲ. ಅದರಿಂದ ಉಂಟಾದ ನ್ಯೂನತೆಯ ಪ್ರಮಾಣವನ್ನು ಅಳೆದು ನೀಡಲಾಗುತ್ತದೆ.

ಭೇಟಿಯ ದಿನದಂದು ವರದಿಯ ಕಾಗದವೊಂದನ್ನೇ ತರುವವರು ಅನೇಕರು. ಶಸ್ತ್ರಚಿಕಿತ್ಸಕರಿಗೆ ಬೇಕಾಗಿರುವುದು ಚಿತ್ರಗಳು. ಸ್ಕ್ಯಾನ್ ಕೇಂದ್ರದಿಂದ ಸಿ.ಡಿ. ಅನ್ನು ಕೇಳಿ ಪಡೆದು, ಫಿಲ್ಮ್‌ಗಳನ್ನು ಮಡಿಸದೆ ಇಟ್ಟುಕೊಳ್ಳತಕ್ಕದ್ದು. ಹಳೆಯ ಸ್ಕ್ಯಾನ್ ಇದ್ದಲ್ಲಿ ಅದು ಹೊಸದರಷ್ಟೇ ಮುಖ್ಯ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ನೇತ್ರತಜ್ಞರಿಂದ ಕಣ್ಣಿನ ಹಿಂಭಾಗದ ನರದ ಪರೀಕ್ಷೆ ಮಾಡಿಸಿ ಚೀಟಿ ತಂದಲ್ಲಿ, ತಲೆಯೊಳಗಿನ ಒತ್ತಡದ ಬಗ್ಗೆ ಉಪಯುಕ್ತ ಸುಳಿವು ದೊರೆಯುತ್ತದೆ. ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವವರು ಅದನ್ನು ತಪ್ಪದೆ ತಿಳಿಸಬೇಕು.

ವೈದ್ಯರ ಮುಂದೆ ಸಿಗುವ ಸಮಯ ಕಡಿಮೆಯಿರುವುದರಿಂದ ಪ್ರಶ್ನೆಗಳನ್ನು ಬರೆದುಕೊಂಡು ಹೋಗುವುದು ಒಳಿತು: ಸಿಸ್ಟ್‌ನ ಹೆಸರೇನು, ದ್ರವದ ದಾರಿಗೆ ಅಡ್ಡಿಯಿದೆಯೇ, ತನ್ನ ತೊಂದರೆಗೆ ಅದೇ ಕಾರಣವೇ, ಮುಂದಿನ ಸ್ಕ್ಯಾನ್ ಯಾವಾಗ, ಯಾವ ಲಕ್ಷಣ ಕಂಡರೆ ಅದಕ್ಕೂ ಮೊದಲೇ ಬರಬೇಕು. ಕೊನೆಯ ಪ್ರಶ್ನೆಯ ಉತ್ತರವನ್ನು ಹೊರರೋಗಿ ಚೀಟಿಯ ಮೇಲೆ ಬರೆದುಕೊಡುವಂತೆ ವಿನಂತಿಸಬಹುದು. ರಾತ್ರಿ ವೇಳೆ ತುರ್ತು ವಿಭಾಗಕ್ಕೆ ಬರಬೇಕಾದಲ್ಲಿ ಅಲ್ಲಿನ ವೈದ್ಯರಿಗೆ ಆ ಚೀಟಿಯನ್ನೇ ಮೊದಲು ತೋರಿಸತಕ್ಕದ್ದು.